ಬೆನ್ನ ಚೀಲದಲ್ಲಿ ಒಂದು ಲೀಟರು ಪೆಟ್ರೋಲು

ರಾಮನಗರದ ಪದವಿ ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿರುವ ಪ್ರಶ್ನೆ ಇದು: “ಸಾರ್, ನಾವು ಐದು ಜನ ಸ್ನೇಹಿತರು ಮೂರು ಬೈಕುಗಳಲ್ಲಿ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಬೇಕೆಂದಿದ್ದೇವೆ. ದಾರಿಯಲ್ಲಿ ಪೆಟ್ರೋಲು ಮುಗಿದರೆ ಕಷ್ಟ. ಎರಡು ನೀರಿನ ಬಾಟಲಿಗಳಲ್ಲಿ ತುಂಬಿಸಿ ಬ್ಯಾಗಿನಲ್ಲಿ ಇಟ್ಟುಕೊಂಡರೆ ತಪ್ಪೇನು? ಟ್ಯಾಂಕಿನಲ್ಲಿ ಇರುವುದೂ ಅದೇ ಪೆಟ್ರೋಲು ತಾನೇ?”

ಪ್ರಶ್ನೆಯ ಕೊನೆಯ ವಾಕ್ಯ ಚೆನ್ನಾಗಿದೆ. ಟ್ಯಾಂಕಿನಲ್ಲಿ ಹತ್ತು ಲೀಟರು ಇಟ್ಟುಕೊಂಡು ಅದರ ಮೇಲೆಯೇ ಕುಳಿತು ಹೋಗುವವನಿಗೆ ಬ್ಯಾಗಿನೊಳಗಿನ ಒಂದು ಲೀಟರಿನಿಂದ ಏನು ಭಯ? ಇದಕ್ಕೆ ಉತ್ತರ ಹೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ. ಆ ಒಂದು ಲೀಟರು ನಿಜವಾಗಿಯೂ ಬೇಕೆ?

ಮೊದಲು ಲೆಕ್ಕ

ರಾಮನಗರದಿಂದ ಮಹದೇಶ್ವರ ಬೆಟ್ಟಕ್ಕೆ ಈ ದಾರಿಯಲ್ಲಿ ಸರಿಸುಮಾರು 200 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗಿ ಬರಲು 400. ನೂರು ಸಿ.ಸಿ. ಬೈಕಿನ ಟ್ಯಾಂಕಿಗೆ ಹತ್ತು ಲೀಟರು ಹಿಡಿಯುತ್ತದೆ, ಇಬ್ಬರು ಕುಳಿತು ಘಾಟಿ ಹತ್ತಿದರೂ ಲೀಟರಿಗೆ 50 ಕಿ.ಮೀ. ಕೊಡುತ್ತದೆ ಎಂದರೆ ಒಂದು ಸಲ ತುಂಬಿಸಿದ ಟ್ಯಾಂಕಿನಲ್ಲಿ 500 ಕಿ.ಮೀ. ಓಡುತ್ತದೆ. ಮನೆಗೆ ವಾಪಸು ಬಂದ ಮೇಲೂ ಇನ್ನೆರಡು ಲೀಟರು ಉಳಿಯುತ್ತದೆ. ದೊಡ್ಡ ಬೈಕು ಲೀಟರಿಗೆ ಮೂವತ್ತೇ ಕೊಡುತ್ತದೆ ಎನ್ನುವವರಿಗೆ ಕನಕಪುರ, ಮಳವಳ್ಳಿ, ಕೊಳ್ಳೇಗಾಲ ಮೂರು ಊರಿನಲ್ಲೂ ಬಂಕ್‌ಗಳಿವೆ. ಕೊಳ್ಳೇಗಾಲದಲ್ಲಿ ಟ್ಯಾಂಕ್ ತುಂಬಿಸಿಕೊಂಡರೆ ಬೆಟ್ಟಕ್ಕೆ ಹೋಗಿ ಬರುವ ಚಿಂತೆ ಮುಗಿಯಿತು.

ನಮ್ಮ ಸುತ್ತಿನ ಬೇರೆ ದಾರಿಗಳೂ ಹೀಗೆಯೇ. ಕನಕಪುರದಿಂದ ಸಂಗಮಕ್ಕೆ ಸುಮಾರು 35 ಕಿ.ಮೀ. ಕಾಡಿನ ದಾರಿ ನಿಜ, ಆದರೆ ಹೋಗಿ ಬರಲು ಬೇಕಾಗುವುದು ಒಂದೂವರೆ, ಎರಡು ಲೀಟರು. ಮಾಗಡಿಯಿಂದ ಸಾವನದುರ್ಗಕ್ಕೆ ಹೋಗುವವರಿಗಂತೂ ಅಷ್ಟೂ ಬೇಡ. ಮೈಸೂರಿನ ಕಡೆಗೆ ಹೋಗುವವರು ಒಂದು ಸಂಗತಿ ಗಮನಿಸಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕಿನವರು ಸರ್ವಿಸ್ ರಸ್ತೆ, ಹಳೆಯ ರಸ್ತೆಗಳಲ್ಲೇ ಸಾಗಬೇಕು. ಹಳೆಯ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಒಳಗೇ ಹಾದು ಹೋಗುವುದರಿಂದ ಬಂಕ್ ಸಿಗದೆ ಪರದಾಡುವ ಮಾತೇ ಇಲ್ಲ.

ಇಷ್ಟಾಗಿಯೂ ಮರೆತರೆ? ಅದಕ್ಕೆಂದೇ ಗಾಡಿ ಮಾಡಿದವರು ‘ರಿಸರ್ವ್’ ಇಟ್ಟಿದ್ದರು. ಹಳೆಯ ಬೈಕುಗಳ ಟ್ಯಾಂಕಿನೊಳಗೆ ಕಾಕ್‌ನಿಂದ ಎರಡು ಕೊಳವೆಗಳು ಏಳುತ್ತವೆ, ಒಂದು ಉದ್ದ, ಒಂದು ಗಿಡ್ಡ. ‘ಆನ್’ನಲ್ಲಿ ಉದ್ದದ ಕೊಳವೆಯಿಂದ ಪೆಟ್ರೋಲು ಇಳಿಯುತ್ತದೆ. ಮಟ್ಟ ಅದರ ಬಾಯಿಗಿಂತ ಕೆಳಗಾದಾಗ ಎಂಜಿನ್ ಮುಗ್ಗರಿಸುತ್ತದೆ. ಕಾಕ್ ತಿರುಗಿಸಿದರೆ ಗಿಡ್ಡ ಕೊಳವೆ ತಳದಲ್ಲಿರುವುದನ್ನು ಕೊಡುತ್ತದೆ. ಒಂದು ಲೀಟರಿನಷ್ಟಾದರೂ ಉಳಿದಿರುವುದರಿಂದ ಇನ್ನೂ ನಲವತ್ತು, ಐವತ್ತು ಕಿ.ಮೀ. ದೂರ ಸಾಗಬಹುದು. ನೀವು ಬಾಟಲಿಯಲ್ಲಿ ಒಯ್ಯಬೇಕೆಂದಿದ್ದ ಒಂದು ಲೀಟರು ಇದೇ. ಅದು ಇರಬೇಕಾದ ಜಾಗದಲ್ಲಿ ಆಗಲೇ ಇದೆ.

ರಿಸರ್ವೂ ಮುಗಿದ ಮೇಲೆ ನಮ್ಮವರು ಗಾಡಿಯನ್ನು ಒಂದು ಪಕ್ಕಕ್ಕೆ ಮಲಗಿಸಿ ಎತ್ತಿ ಸ್ಟಾರ್ಟ್ ಮಾಡುವುದನ್ನು ನೀವು ನೋಡಿರಬಹುದು. ಇದರಲ್ಲಿ ಮಂತ್ರವೇನೂ ಇಲ್ಲ. ಬೈಕಿನ ಟ್ಯಾಂಕು ಚಾಸಿಯ ಕೊಳವೆಯ ಮೇಲೆ ಕುದುರೆಯ ಜೀನಿನಂತೆ ಕುಳಿತಿರುತ್ತದೆ. ಕಾಕ್ ಇರುವುದು ಒಂದು ಪಕ್ಕದಲ್ಲಿ ಮಾತ್ರ. ಇನ್ನೊಂದು ಪಕ್ಕದ ತಳದಲ್ಲಿ ಸಿಕ್ಕಿಕೊಂಡ ಪೆಟ್ರೋಲು ಗಾಡಿ ಮಲಗಿಸಿದಾಗ ನಡುವಿನ ಉಬ್ಬನ್ನು ದಾಟಿ ಈಚೆಗೆ ಬರುತ್ತದೆ. 2020ರ ಏಪ್ರಿಲ್‌ನಿಂದ ಬಿ.ಎಸ್.–6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ತಿರುಗಿಸಲು ಕಾಕ್ ಇಲ್ಲ, ಮೀಟರಿನಲ್ಲಿ ಎಚ್ಚರಿಕೆಯ ದೀಪವಿದೆ. ಇವುಗಳಲ್ಲಿ ಪೆಟ್ರೋಲು ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ, ಅದನ್ನು ತಂಪಾಗಿಡುವುದೂ ಪೆಟ್ರೋಲೇ. ಮತ್ತೆ ಮತ್ತೆ ಟ್ಯಾಂಕು ಒಣಗಿಸಿದರೆ ಪಂಪು ಕೆಡುತ್ತದೆ. ಆದ್ದರಿಂದ ದೀಪ ಹತ್ತಿದ ಕೂಡಲೇ ಬಂಕ್ ಹುಡುಕುವುದು ಒಳ್ಳೆಯದು.

ಉರಿಯುವುದು ದ್ರವವಲ್ಲ

ಈಗ ಮೂಲ ಪ್ರಶ್ನೆಗೆ ಬರೋಣ. ಪೆಟ್ರೋಲು ಉರಿಯುತ್ತದೆ ಎಂದು ಹೇಳುತ್ತೇವಾದರೂ ದ್ರವ ಉರಿಯುವುದಿಲ್ಲ, ಅದರಿಂದ ಏಳುವ ಆವಿ ಉರಿಯುತ್ತದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಒಂದು ದ್ರವ ಯಾವ ಉಷ್ಣತೆಯಲ್ಲಿ ಬಿಡಲು ಆರಂಭಿಸುತ್ತದೋ ಅದು ಅದರ ಜ್ವಲನಬಿಂದು. ಸೀಮೆಎಣ್ಣೆಗೆ ಇದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಪೆಟ್ರೋಲಿಗೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ! ಅಂದರೆ ಹಿಮದ ನಾಡಿನಲ್ಲೂ ಅದು ಹೊತ್ತಿಕೊಳ್ಳಲು ಸಿದ್ಧ. ನಮ್ಮ ರಾಮನಗರದ ಬಂಡೆ ಕಾಯುವ ಏಪ್ರಿಲ್ ಬಿಸಿಲಿನಲ್ಲಿ ಕೇಳಬೇಕೆ?

ಗಾಳಿಯಲ್ಲಿ ಈ ಆವಿ ಶೇಕಡ 1.4ರಿಂದ 7.6ರಷ್ಟು ಬೆರೆತಾಗ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೂ ಹೊತ್ತದು, ಹೆಚ್ಚಾದರೂ ಹೊತ್ತದು. ಟ್ಯಾಂಕಿಗೂ ಬಾಟಲಿಗೂ ಇರುವ ವ್ಯತ್ಯಾಸ ಅರ್ಥವಾಗಲು ಈ ಅಂಕಿ ಮುಖ್ಯ. ಮುಚ್ಚಿದ ಟ್ಯಾಂಕಿನೊಳಗೆ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಅಲ್ಲಿ ಉರಿಯಲು ಬೇಕಾದಷ್ಟು ಗಾಳಿಯೇ ಇರುವುದಿಲ್ಲ. ಅಪಾಯ ಆರಂಭವಾಗುವುದು ಆವಿ ಹೊರಗೆ ಬಂದು ಗಾಳಿಯೊಡನೆ ಹದವಾಗಿ ಬೆರೆತಾಗ, ಅಂದರೆ ಸೋರಿದಾಗ.

ಒಂದು ಲೀಟರು ಪೂರ್ತಿ ಆವಿಯಾದರೆ ಸುಮಾರು 180 ಲೀಟರು ಆವಿ. ಶೇಕಡ 1.4ರ ಲೆಕ್ಕದಲ್ಲಿ ಅದು ಹನ್ನೆರಡು ಘನ ಮೀಟರಿಗೂ ಹೆಚ್ಚು ಗಾಳಿಯನ್ನು ಸಿಡಿಯುವ ಮಿಶ್ರಣವಾಗಿಸಬಲ್ಲದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಹತ್ತಿರ ಹತ್ತಿರ ಅರ್ಧ ಇದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ನೀರಿನಂತೆ ತಗ್ಗಿನ ಕಡೆಗೆ ಹರಿಯುತ್ತದೆ. ಕೋಣೆಯ ಮೂಲೆಯಲ್ಲಿಟ್ಟ ಬ್ಯಾಗಿನಿಂದ ಸೋರಿದ ಆವಿ ಇನ್ನೊಂದು ಮೂಲೆಯಲ್ಲಿ ನೆಲದ ಮೇಲಿರುವ ದೀಪವನ್ನೋ ಅಡುಗೆಗೆ ಹೊತ್ತಿಸಿದ ಸಣ್ಣ ಒಲೆಯನ್ನೋ ಮುಟ್ಟಬಹುದು. ಹೊತ್ತಿಕೊಂಡ ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತದೆ.

ಶಕ್ತಿಯ ಲೆಕ್ಕವೂ ಕಡಿಮೆಯಲ್ಲ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ದಶಲಕ್ಷ ಜೂಲ್ ಶಕ್ತಿಯಿದೆ. ನೂರು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಬೆನ್ನಿಗೆ ಕಟ್ಟಿಕೊಂಡು ಹೋಗುವ ವಸ್ತುವೇ ಇದು?

ನೀರಿನ ಬಾಟಲಿಗೆ ಏಕೆ ಸಲ್ಲದು?

ಮೂರು ಕಾರಣಗಳಿವೆ. ಮೊದಲನೆಯದು ಹಿಗ್ಗುವಿಕೆ. ಪೆಟ್ರೋಲು ನೀರಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಹಿಗ್ಗುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ ಐದು ಲೀಟರಿನ ಕ್ಯಾನನ್ನು ಬಾಯಿಮಟ್ಟ ತುಂಬಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಅದು 45 ಡಿಗ್ರಿ ಮುಟ್ಟಿತು ಎನ್ನಿ. ಸುಮಾರು 120 ಮಿಲಿಲೀಟರು, ಅಂದರೆ ಒಂದು ಕಾಫಿ ಲೋಟದಷ್ಟು ಪೆಟ್ರೋಲಿಗೆ ಒಳಗೆ ಜಾಗವಿರುವುದಿಲ್ಲ. ಜೊತೆಗೆ ಆವಿಯ ಒತ್ತಡ. ಬೆಟ್ಟ ಹತ್ತಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಒಳಗಿನದು ಇನ್ನಷ್ಟು ಜೋರು ಮಾಡುತ್ತದೆ. ನೀರಿಗಾಗಿ ಮಾಡಿದ ತೆಳು ಬಾಟಲಿಯ ಮುಚ್ಚಳ ಇದನ್ನು ತಡೆಯಲೆಂದು ಮಾಡಿದ್ದಲ್ಲ. ಗಾಡಿಯ ಟ್ಯಾಂಕಿನ ಮುಚ್ಚಳದಲ್ಲಾದರೋ ಒತ್ತಡ ಹೊರಹೋಗಲು ಸಣ್ಣ ಗಾಳಿದಾರಿ ಇರುತ್ತದೆ.

ಎರಡನೆಯದು ಸ್ಥಾಯೀವಿದ್ಯುತ್ತು. ಒಣ ಕೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುವುದನ್ನು ಹೈಸ್ಕೂಲಿನಲ್ಲಿ ಮಾಡಿ ನೋಡಿದ್ದೀರಿ. ಪೆಟ್ರೋಲು ಕೊಳವೆಯಿಂದ ರಭಸವಾಗಿ ಹರಿದು ಬೀಳುವಾಗಲೂ ಹೀಗೆಯೇ ವಿದ್ಯುದಾವೇಶ ಹುಟ್ಟುತ್ತದೆ. ಲೋಹದ ಕ್ಯಾನನ್ನು ನೆಲದ ಮೇಲಿಟ್ಟು ನಳಿಕೆಯನ್ನು ಅದಕ್ಕೆ ತಾಗಿಸಿ ತುಂಬಿಸಿದರೆ ಆವೇಶ ನೆಲ ಸೇರುತ್ತದೆ. ಪ್ಲಾಸ್ಟಿಕ್ ವಿದ್ಯುತ್ ಹರಿಯಗೊಡದು. ಆವೇಶ ಅಲ್ಲೇ ನಿಂತು ಕಿಡಿಯಾಗಿ ಹಾರಲು ಕಾಯುತ್ತದೆ. ಮಾಘ, ಫಾಲ್ಗುಣದ ಒಣ ಹವೆಯಲ್ಲಿ ಇದರ ಅಪಾಯ ಹೆಚ್ಚು.

ಮೂರನೆಯದು ಪೆಟ್ಟು. ಬೈಕಿನ ಟ್ಯಾಂಕು ಚಾಸಿಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಪೆಟ್ಟಿಗೆ. ಬಿದ್ದಾಗ ಹ್ಯಾಂಡಲ್, ಕ್ರ್ಯಾಶ್ ಗಾರ್ಡುಗಳು ಮೊದಲು ನೆಲ ಮುಟ್ಟುತ್ತವೆ. ಬೆನ್ನ ಚೀಲದ ಬಾಟಲಿಗೆ ಅಂಥ ರಕ್ಷಣೆ ಏನೂ ಇಲ್ಲ. ಸವಾರ ಬಿದ್ದರೆ ಬಾಟಲಿ ಒಡೆದು ಪೆಟ್ರೋಲು ಅವನ ಬಟ್ಟೆಯ ಮೇಲೇ ಚೆಲ್ಲುತ್ತದೆ. ಪಕ್ಕದಲ್ಲಿ ನೂರಾರು ಡಿಗ್ರಿ ಕಾದ ಸೈಲೆನ್ಸರ್, ಟಾರಿಗೆ ಉಜ್ಜುವ ಕಬ್ಬಿಣದ ಕಿಡಿ.

ಟ್ಯಾಂಕಿನ ಪೆಟ್ರೋಲು ಹೊರಬಂದರೂ ಏನಾಗುತ್ತದೆ ಎಂಬುದನ್ನು 2025ರ ಅಕ್ಟೋಬರ್ 24ರ ನಸುಕಿನಲ್ಲಿ ನೋಡಿದೆವು. ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ರಸ್ತೆಯಲ್ಲಿದ್ದ ಒಂದು ಬೈಕನ್ನು ತನ್ನ ಅಡಿಯಲ್ಲಿ ಎಳೆದುಕೊಂಡು ಹೋಯಿತು. ಬೈಕಿನಿಂದ ಸೋರಿದ ಪೆಟ್ರೋಲಿಗೆ ಕಿಡಿ ತಾಗಿತು. ಮಲಗಿದ್ದ ಅನೇಕ ಪ್ರಯಾಣಿಕರು ಏಳುವ ಮೊದಲೇ ಬಸ್ಸು ಉರಿದುಹೋಯಿತು. ಬೆಂಕಿ ಹಬ್ಬಲು ಬೇರೆ ಕಾರಣಗಳೂ ಕೂಡಿರಬಹುದು, ಆದರೆ ಆರಂಭಕ್ಕೆ ಒಂದು ಬೈಕಿನ ಪೆಟ್ರೋಲು ಸಾಕಾಯಿತು.

ಕಾನೂನು ಏನು ಹೇಳುತ್ತದೆ?

1934ರ ಪೆಟ್ರೋಲಿಯಂ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಮಾರಾಟಕ್ಕಲ್ಲದೆ ಸ್ವಂತಕ್ಕಾಗಿ 30 ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಲು, ಸಾಗಿಸಲು ಅದರ ಎಂಟನೆಯ ಕಲಂ ಅವಕಾಶ ಕೊಡುತ್ತದೆ. ಆದರೆ ಪಾತ್ರೆ ಎಂಥದ್ದಿರಬೇಕು ಎಂಬುದನ್ನೂ ಅಲ್ಲೇ ಹೇಳಿದೆ: ಭದ್ರವಾಗಿ ಮುಚ್ಚಿದ ಗಾಜು, ಪಿಂಗಾಣಿಯಂಥ ಕಲ್ಲುಮಣ್ಣು ಅಥವಾ ಲೋಹದ ಪಾತ್ರೆ. ಮೊದಲೆರಡಾದರೆ ಒಂದು ಲೀಟರು, ಲೋಹವಾದರೆ 25 ಲೀಟರು ಮೀರಬಾರದು. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಆದ್ದರಿಂದ ಬಂಕ್‌ನ ಹುಡುಗ “ಬಾಟಲಿಗೆ ಹಾಕುವುದಿಲ್ಲ ಅಣ್ಣ” ಎಂದರೆ ಅವನೊಡನೆ ಜಗಳಕ್ಕೆ ನಿಲ್ಲಬೇಡಿ. ಅವನು ನಿಮಗೆ ಉಪಕಾರವನ್ನೇ ಮಾಡುತ್ತಿದ್ದಾನೆ.

ರೈಲಿನಲ್ಲಂತೂ ಒಯ್ಯುವಂತೆಯೇ ಇಲ್ಲ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪಾಯಕಾರಿ ಸರಕನ್ನು ನಿಯಮ ಮೀರಿ ಒಯ್ದವರಿಗೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಬೈಕನ್ನು ಪಾರ್ಸೆಲಿನಲ್ಲಿ ಕಳಿಸುವಾಗ ಟ್ಯಾಂಕು ಖಾಲಿ ಮಾಡಿಸುವುದೂ ಇದೇ ಕಾರಣಕ್ಕೆ.

ನಿಜವಾಗಿ ಬೇಕಾಗುವ ಜಾಗ

ಹಾಗಾದರೆ ಬೈಕಿಗೆ ಕ್ಯಾನು ಕಟ್ಟಿಕೊಂಡು ಹೋಗುವವರೆಲ್ಲ ತಿಳಿಯದವರೇ? ಅಲ್ಲ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ, ಕೇಲಾಂಗ್ ಬಳಿಯ ತಾಂಡಿ ಎಂಬಲ್ಲಿ ಒಂದು ಬಂಕ್ ಇದೆ. ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂದು ಸಾರುತ್ತಿದ್ದ ಅಲ್ಲಿನ ಫಲಕ ಸವಾರರ ನಡುವೆ ಬಹು ಪ್ರಸಿದ್ಧ. ತೆಳು ಗಾಳಿ, ಹಿಮ, ಹಳ್ಳ ದಾಟುವ ರಸ್ತೆ, ಮೈಲೇಜು ಹೇಳಿದಂತೆ ಸಿಗದು. ಅಲ್ಲಿ ಐದು ಲೀಟರು ಹೆಚ್ಚಿಗೆ ಇರುವುದು ವಿವೇಕ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನಲ್ಲಿ ಟ್ಯಾಂಕಿನ ಎರಡೂ ಪಕ್ಕ ಕ್ಯಾನು ಕಟ್ಟಲು ಕಂಬಿ ಇಟ್ಟದ್ದು ಇಂಥ ದಾರಿಗಳಿಗಾಗಿಯೇ.

ಅಂಥ ಕ್ಯಾನು ಹೇಗಿರಬೇಕೆಂಬುದನ್ನು ಜೆರ್ರಿಕ್ಯಾನ್ ನೋಡಿ ಕಲಿಯಬಹುದು. 1930ರ ದಶಕದ ಕೊನೆಯಲ್ಲಿ ಜರ್ಮನಿಯ ಸೇನೆಗಾಗಿ ಇದು ತಯಾರಾಯಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರೂ ಅಮೆರಿಕನ್ನರೂ ಇದನ್ನೇ ನಕಲು ಮಾಡಿದರು. ‘ಜೆರ್ರಿ’ ಎಂದರೆ ಜರ್ಮನರಿಗೆ ಬ್ರಿಟಿಷ್ ಸಿಪಾಯಿಗಳು ಇಟ್ಟ ಅಡ್ಡಹೆಸರು. ಇಪ್ಪತ್ತು ಲೀಟರಿನ ಉಕ್ಕಿನ ಈ ಕ್ಯಾನಿನ ಪಕ್ಕಗಳಲ್ಲಿ ಕತ್ತರಿಯಾಕಾರದ ತಗ್ಗುಗೆರೆಗಳಿವೆ. ಅವು ಅಂದಕ್ಕಲ್ಲ, ತಗಡಿಗೆ ಬಲ ಕೊಡುತ್ತವೆ, ಒಳಗಿನದು ಹಿಗ್ಗಿದಾಗ ತಗಡು ಉಬ್ಬಲು ಎಡೆ ಮಾಡುತ್ತವೆ. ತುಂಬಿದಾಗಲೂ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿ ಉಳಿಯುವಂತೆ ರಚನೆಯಿದೆ. ಬಾಯಿಯ ಬಳಿಯ ಸಣ್ಣ ಗಾಳಿಕೊಳವೆಯಿಂದಾಗಿ ಸುರಿಯುವಾಗ ಗುಳುಗುಳು ಎಂದು ಚೆಲ್ಲುವುದಿಲ್ಲ. ಹಿಗ್ಗುವಿಕೆ, ಒತ್ತಡ, ಹರಿವು, ಎಲ್ಲ ಪಾಠವೂ ಒಂದು ಡಬ್ಬದಲ್ಲಿ!

ಅಂಥ ದೂರದ ಯಾತ್ರೆಗೆ ಹೋಗುವವರು ಇಷ್ಟನ್ನು ಪಾಲಿಸಿ. ಕ್ಯಾನು ಲೋಹದ್ದಿರಲಿ, ಮುಚ್ಚಳದ ವಾಷರು ಚೆನ್ನಾಗಿರಲಿ. ಹತ್ತರಲ್ಲಿ ಒಂಬತ್ತು ಪಾಲು ಮಾತ್ರ ತುಂಬಿಸಿ. ತುಂಬಿಸುವಾಗ ನೆಲದ ಮೇಲಿಡಿ. ಬೈಕಿನ ಮೇಲೆ ಇಟ್ಟುಕೊಂಡು ಬೇಡ. ಕ್ಯಾರಿಯರಿಗೆ ನೇರವಾಗಿ ನಿಲ್ಲಿಸಿ, ಸೈಲೆನ್ಸರಿನಿಂದ ದೂರ, ಅಲ್ಲಾಡದಂತೆ ಬಿಗಿಯಿರಿ. ಟ್ಯಾಂಕಿಗೆ ಸುರಿಯುವ ಮೊದಲು ಎಂಜಿನ್ ಆರಿಸಿ ಆರಲು ಬಿಡಿ. ಮೊದಲ ಅವಕಾಶದಲ್ಲೇ ಸುರಿದು ಮುಗಿಸಿ. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರಿಕೊಳ್ಳುವ ಗುಣದ್ದು. ಮಳೆನೀರು ಸೇರಿದರೆ ಎಥೆನಾಲೂ ನೀರೂ ಬೇರೆಯಾಗಿ ತಳಕ್ಕಿಳಿಯುತ್ತವೆ, ಎಂಜಿನ್ನಿಗೆ ಅದು ಸಲ್ಲದು.

ಇನ್ನೊಂದು ಮಾತು. ಸುರಿದು ಖಾಲಿಯಾದ ಕ್ಯಾನನ್ನು ‘ಖಾಲಿ’ ಎಂದು ತಿಳಿಯಬೇಡಿ. ತುಂಬಿದ ಕ್ಯಾನಿನಲ್ಲಿ ಗಾಳಿ ಸಾಲದು ಎಂದೆನಲ್ಲ. ಖಾಲಿಯಾದಾಗ ಉಳಿದ ಹನಿಗಳ ಆವಿಯೂ ಒಳಗೆ ಬಂದ ಗಾಳಿಯೂ ಸೇರಿ ಹದವಾದ ಮಿಶ್ರಣವಾಗುತ್ತವೆ. ಇಂಥ ಡಬ್ಬಕ್ಕೆ ವೆಲ್ಡಿಂಗ್ ಮಾಡಿಸಲು ಹೋಗುವುದು ತುಂಬಿದ ಡಬ್ಬಕ್ಕಿಂತ ಅಪಾಯ.

ತಂದೆತಾಯಿಯರಿಗೆ

ಮಕ್ಕಳ ಬ್ಯಾಗಿನ ಬಾಟಲಿಗಿಂತ ಮೊದಲು ನಮ್ಮ ಮನೆಯ ಮೂಲೆಯನ್ನು ನೋಡಿಕೊಳ್ಳೋಣ. ಕೀಲು ತೊಳೆಯಲೆಂದೋ ಪಂಪ್‌ಸೆಟ್ಟಿಗೆಂದೋ ನೀರಿನ ಬಾಟಲಿಯಲ್ಲಿ ತಂದಿಟ್ಟ ಪೆಟ್ರೋಲು, ಸೀಮೆಎಣ್ಣೆಗಳನ್ನು ಬಾಯಾರಿದ ಮಗು ಕುಡಿದುಬಿಡುತ್ತದೆ. ಹಾಗಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿರುವುದಕ್ಕಿಂತ ಹೆಚ್ಚು ಹಾನಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟ್ಯೂಬಿಗೆ ಬಾಯಿಟ್ಟು ಪೆಟ್ರೋಲು ಎಳೆಯುವ ಹಳೆಯ ಚಟವೂ ಇದೇ ಕಾರಣಕ್ಕೆ ಕೆಟ್ಟದ್ದು.

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ಓಡಿದಷ್ಟೂ ಉರಿ ಹೆಚ್ಚು. ನೆಲಕ್ಕೆ ಬಿದ್ದು ಹೊರಳಬೇಕು, ಬೇರೆಯವರು ದಪ್ಪ ಕಂಬಳಿ ಹೊದಿಸಬೇಕು. ನೆಲದಲ್ಲಿ ಉರಿಯುವ ಪೆಟ್ರೋಲಿಗೆ ನೀರು ಹಾಕಬೇಡಿ. ಪೆಟ್ರೋಲು ನೀರಿಗಿಂತ ಹಗುರ, ತೇಲಿಕೊಂಡು ಬೆಂಕಿ ಹರಡುತ್ತದೆ. ಮರಳು ಅಥವಾ ಒಣಪುಡಿಯ ಅಗ್ನಿಶಾಮಕ ಬಳಸಿ. ಆದರೆ ಸುಟ್ಟ ಮೈಗೆ ನೀರೇ ಮದ್ದು. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟು, ಇಂಕು, ಅರಿಶಿನ, ಐಸು ಯಾವುದೂ ಬೇಡ. ಆಂಬುಲೆನ್ಸಿಗೆ 108, ಅಗ್ನಿಶಾಮಕ ದಳಕ್ಕೆ 101, ಯಾವುದೂ ನೆನಪಾಗದಿದ್ದರೆ 112.

ಹದಿನೆಂಟು ತುಂಬದ ಮಗನಿಗೆ ಬೈಕಿನ ಕೀ ಕೊಡುವವರಿಗೂ ಒಂದು ಮಾತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಸಿನವರ ಅಪರಾಧಕ್ಕೆ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ.

ಮಾಡಿ ನೋಡಿ

ಭಾರವಾದ ಅನಿಲ ನೀರಿನಂತೆ ಹರಿಯುತ್ತದೆ ಎಂಬುದನ್ನು ಪೆಟ್ರೋಲು ಮುಟ್ಟದೆಯೇ ನೋಡಬಹುದು. ಒಂದು ದೊಡ್ಡ ಜಗ್ಗಿನಲ್ಲಿ ಎರಡು ಚಮಚ ಅಡುಗೆ ಸೋಡ ಹಾಕಿ, ಅದರ ಮೇಲೆ ನಿಂಬೆರಸವನ್ನೋ ವಿನೆಗರನ್ನೋ ಸುರಿಯಿರಿ. ನೊರೆ ಇಳಿದ ಮೇಲೆ ಜಗ್ಗಿನಲ್ಲಿ ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ದೊಡ್ಡವರನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಗಿಡ್ಡ ಮೇಣದಬತ್ತಿ ಹಚ್ಚಿ. ದ್ರವ ಬೀಳದಂತೆ ಜಗ್ಗನ್ನು ಅದರ ಮೇಲೆ ಮೆಲ್ಲಗೆ ಬಾಗಿಸಿ. ಏನೂ ಬಿದ್ದಂತೆ ಕಾಣುವುದಿಲ್ಲ, ಆದರೆ ಬತ್ತಿ ಆರುತ್ತದೆ. ಈ ಅನಿಲ ಗಾಳಿಗಿಂತ ಬರೀ ಒಂದೂವರೆ ಪಟ್ಟು ಭಾರ. ಪೆಟ್ರೋಲಿನ ಆವಿ ಇದರ ಎರಡು ಪಟ್ಟಿಗೂ ಹೆಚ್ಚು ಭಾರ, ಮೇಲಾಗಿ ಅದು ಬೆಂಕಿ ಆರಿಸುವುದಿಲ್ಲ.

ಬೈಕಿರುವ ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸ. ಟ್ಯಾಂಕು ತುಂಬಿಸಿದ ದಿನ ಮೀಟರಿನ ಅಂಕಿ ಬರೆದಿಡಿ. ಮತ್ತೆ ತುಂಬಿಸುವಾಗ ಎಷ್ಟು ಲೀಟರು ಹಿಡಿಯಿತು, ಎಷ್ಟು ಕಿ.ಮೀ. ಓಡಿತ್ತು ನೋಡಿ ಭಾಗಿಸಿ. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ರಿಸರ್ವ್ ಎಷ್ಟೆಂಬುದು ಗಾಡಿಯ ಪುಸ್ತಕದಲ್ಲಿದೆ. ಈ ಎರಡು ಅಂಕಿಗಳನ್ನು ಗುಣಿಸಿ ಬಂದ ದೂರವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಬ್ಯಾಗಿನ ಬಾಟಲಿಯಲ್ಲಿ ಕುಡಿಯುವ ನೀರಿರಲಿ.